ಗೋಲಿನ ಮುಂದೆ ಹುಲ್ಲು ಬೆಳೆದಿದೆ

ಕಾಲೇಜು ಮೈದಾನದ ಹಿಂದಿನ ಕ್ವಾರ್ಟರ್ಸು,
ಬುಧವಾರ, ಮಧ್ಯಾಹ್ನ ಎರಡೂವರೆ.
ನೀನು ಕೆಲಸಕ್ಕೆಂದು ಆಸ್ಪತ್ರೆಯಲ್ಲೇ ಉಳಿದು ಇವತ್ತಿಗೆ ನಲವತ್ತೊಂದು ದಿನ.

ಪ್ರೀತಿಯ ಇವಳೇ,

ಹೇಗಿದ್ದೀಯ? ಕೈ ಹೇಗಿದೆ? ಮೊದಲು ಕೈಯ ವಿಷಯ ಬರೆ, ಉಳಿದದ್ದು ಆಮೇಲೆ. ಹೋದ ವಾರ ನೀನು ಆಸ್ಪತ್ರೆ ಗೇಟಿನ ಒಳಗೆ ನಿಂತು ಕೈ ಬೀಸಿದೆಯಲ್ಲ, ಆಗಲೇ ನೋಡಿದೆ, ಬೆರಳ ಸಂದಿಯೆಲ್ಲ ಬಿರುಕು ಬಿಟ್ಟು ಬೆಳ್ಳಗಾಗಿತ್ತು. ರಸ್ತೆಯ ಈಚೆಗೆ ನಿಂತವರಿಗೆ ಅದು ಹೇಗೆ ಕಂಡಿತು ಎಂದು ನೀನು ನಗುತ್ತೀಯ. ಕಂಡಿತು. ನನಗೆ ಇಂಥದ್ದೇ ಮೊದಲು ಕಾಣುವುದು. ಆ ಬಟ್ಟೆ ಒಗೆಯುವ ಕೋಣೆಯ ಕುದಿಯುವ ನೀರು, ಮೂಗಿಗೆ ಹೊಡೆಯುವ ಆ ಔಷಧಿ, ದಿನವಿಡೀ ರೋಗಿಗಳ ಹಾಸಿಗೆ ಬಟ್ಟೆ. ಕೈಗವಸು ಹರಿದಿದ್ದರೆ ಹರಿದಿದೆ ಎಂದು ಬಾಯಿಬಿಟ್ಟು ಕೇಳು. ನೀನು ಕೇಳುವವಳಲ್ಲ. ಇನ್ನೊಬ್ಬಳದ್ದು ಹರಿದರೆ ನಿನ್ನದನ್ನೇ ಬಿಚ್ಚಿ ಕೊಡುವವಳು. ನನಗೆ ಗೊತ್ತಿಲ್ಲವೇ? ಮಲಗುವ ಕೋಣೆಯಲ್ಲಿ ಕಿಟಕಿ ತೆಗೆದಿಟ್ಟುಕೋ. ನಿನ್ನ ಪಕ್ಕದ ಮಂಚದವಳು ಕೆಮ್ಮುತ್ತಾಳೆ ಎಂದಿದ್ದೆ, ಅದು ಹಳೆಯ ಕೆಮ್ಮೋ ಹೊಸದೋ? ಹಳೆಯದಾದರೂ ನೀನು ಆ ಕಡೆ ಕಾಲು ಹಾಕಿ ಮಲಗು, ತಲೆ ಹಾಕಬೇಡ.

ನಾನು ಚೆನ್ನಾಗಿದ್ದೇನೆ. ಸೋಮವಾರ ಸಂಜೆ ಗಂಟಲು ಕೆರೆಯಿತು. ಈ ರೋಗ ನನಗೂ ಅಂಟಿತು, ಅಲ್ಲಿಗೆ ನನ್ನ ಕತೆ ಮುಗಿಯಿತು ಎಂದುಕೊಂಡು ಬೇರೆ ತಟ್ಟೆ, ಬೇರೆ ಲೋಟ ತೆಗೆದುಕೊಂಡು ಹೊರಗೆ ಮೆಟ್ಟಿಲ ಮೇಲೆ ಹೋಗಿ ಕೂತೆ. ಮಗಳಿಗೆ, ಹತ್ತಿರ ಬರಬೇಡ, ನಿಮ್ಮಮ್ಮನಿಗೆ ನೀನೇ ಹೇಳು ಎಂದೆ. ಅವಳು ಸೊಂಟಕ್ಕೆ ಕೈಯಿಟ್ಟುಕೊಂಡು ನೋಡಿದಳು. ‘ಅಪ್ಪಾ, ಬೆಳಗ್ಗೆ ಮೈದಾನದ ಗೆರೆಗೆ ಅಂತ ಸುಣ್ಣದ ಪುಡಿ ಜರಡಿ ಹಿಡಿದ್ಯಲ್ಲ, ಮರೆತೇಹೋಯ್ತಾ?’ ಎಂದಳು. ನಿಜ, ಮರೆತಿದ್ದೆ. ಆದರೂ ಇರಲಿ ಎಂದು ಆ ರಾತ್ರಿಯ ಊಟ ಹೊರಗೇ ಮಾಡಿದೆ.

ಫೋನ್ ಇರುವಾಗ ಇವರು ಕಾಗದ ಯಾಕೆ ಬರೆದರು ಎಂದು ನಿನಗೆ ಆಗಲೇ ಎದೆ ಡವಡವ ಎಂದಿರಬೇಕು. ಯಾರಿಗೂ ಏನೂ ಆಗಿಲ್ಲ, ಮೊದಲು ಉಸಿರು ಬಿಡು. ಫೋನು ಮಗಳ ಕೈಯಲ್ಲೇ ಇರುತ್ತದೆ, ಪಾಠ ಅದರಲ್ಲೇ. ಬಿಡುವಾದಾಗ ತೆಗೆದುಕೊಂಡರೂ ಇರುವ ಎರಡು ಕೋಣೆಯಲ್ಲಿ ಎಲ್ಲಿ ನಿಂತು ಮಾತಾಡಲಿ? ನಾನು ಪಿಸುಗುಟ್ಟಿದರೆ ಅವಳಿಗೆ ಜೋರಾಗಿ ಕೇಳುತ್ತದೆ. ಆ ಕಡೆ ನಿನ್ನ ಸುತ್ತ ಆರು ಜನ ಹೆಂಗಸರು. ಈ ವಿಷಯ ಹಾಗೆಲ್ಲ ಹೇಳುವಂಥದ್ದಲ್ಲ. ನಮ್ಮ ಹಾಸ್ಟೆಲಿನ ಮಂಚಗಳನ್ನು ನಿಮ್ಮ ಆಸ್ಪತ್ರೆಗೆ ಸಾಗಿಸುತ್ತಿದ್ದಾರಲ್ಲ, ಆ ವ್ಯಾನಿನ ಅಣ್ಣ ನಾಲ್ಕು ಗಂಟೆಗೆ ಬರುತ್ತಾನೆ. ಅವನ ಕೈಯಲ್ಲಿ ಕೊಟ್ಟರೆ ಸಂಜೆಗೇ ನಿನಗೆ ಸಿಗುತ್ತದೆ. ಅಕ್ಷರ ಸೊಟ್ಟಗಿದ್ದರೆ, ಒತ್ತು ಬಿಟ್ಟುಹೋಗಿದ್ದರೆ ನೀನೇ ಸೇರಿಸಿಕೊಂಡು ಓದು. ನನ್ನದು ಏಳನೆಯ ಕ್ಲಾಸಿಗೆ ನಿಂತ ಕೈ.

ಮೊದಲಿನಿಂದ ಹೇಳುತ್ತೇನೆ. ಫುಟ್‌ಬಾಲ್ ಪಂದ್ಯಗಳು ಈಗ ಇಲ್ಲ ಎಂಬುದು ನಿನಗೆ ಗೊತ್ತು. ಆದರೆ ಆ ನೋಟೀಸು ಬಂದ ದಿನ ಏನಾಯಿತು ಎಂಬುದು ಗೊತ್ತಿಲ್ಲ. ನಾಚಿಕೆಯಾಗಿ ಹೇಳಿರಲಿಲ್ಲ, ಮಗಳಿಗೂ ಹೇಳಬೇಡ ಎಂದಿದ್ದೆ. ಮೂರು ವಾರದ ಹಿಂದೆ ಗುಮಾಸ್ತ ಬಂದು ಬೋರ್ಡಿಗೆ ಒಂದು ಹಾಳೆ ಅಂಟಿಸಿ ಹೋದ. ಬೇರೆ ಯಾರೂ ಇರಲಿಲ್ಲ. ನಾನೇ ಬೆರಳಿಟ್ಟು ಓದಿದೆ. ಸಾಂಕ್ರಾಮಿಕ ರೋಗದ ಕಾರಣ ಅಂತರ ಕಾಲೇಜು ಫುಟ್‌ಬಾಲ್ ಪಂದ್ಯಾವಳಿಯನ್ನು ಮುಂದೂಡಲಾಗಿದೆ, ಎಂದಿತ್ತು. ಮುಂದೆ ದೂಡಿದ್ದಾರೆ. ನೀನೇ ಹೇಳು, ಸಾಲಿನಲ್ಲಿ ನಿಂತವನನ್ನು ಮುಂದೆ ದೂಡಿದರೆ ಅವನ ಸರದಿ ಬೇಗ ಬರುತ್ತದೋ ಇಲ್ಲವೋ? ನಾನು ಹಾಗೇ ತಿಳಿದೆ. ರೋಗ ಜೋರಾಗುತ್ತದೆ, ಅದಕ್ಕೆ ಮೊದಲೇ ಆಟ ಮುಗಿಸಿಬಿಡೋಣ ಎಂದು ದೊಡ್ಡವರು ಯೋಚನೆ ಮಾಡಿದ್ದಾರೆ, ಸರಿಯಾಗೇ ಇದೆ ಎಂದುಕೊಂಡೆ. ಮನೆಗೆ ಓಡಿಬಂದು, ‘ಏಳೇ ಗೋಡೆ, ಪಂದ್ಯ ಬೇಗ ಬಂತು’ ಎಂದು ಮಗಳನ್ನು ಎಬ್ಬಿಸಿದೆ. ಗೋಲಿನಲ್ಲಿ ನಿಂತರೆ ಅವಳನ್ನು ಹುಡುಗಿಯರೆಲ್ಲ ಗೋಡೆ ಎಂದೇ ಕರೆಯುವುದಲ್ಲವೇ, ನನಗೂ ಅದೇ ಬಾಯಿಗೆ ಬಂತು. ಅವಳು ಕಣ್ಣುಜ್ಜಿಕೊಂಡು ಕೇಳಿದ್ದು ಒಂದೇ, ‘ನಿಜವಾಗ್ಲೂ ಅಪ್ಪಾ?’ ನೋಟೀಸು ನಾನೇ ಓದಿದೆ ಎಂದು ಎದೆ ತಟ್ಟಿಕೊಂಡೆ. ಅವಳು ಆಗಲೇ ಫೋನು ಹಿಡಿದು ತಂಡದ ಹುಡುಗಿಯರಿಗೆಲ್ಲ ಹೇಳಿದಳು.

ಮಾರನೆಯ ಬೆಳಗ್ಗೆ ಐದಕ್ಕೇ ಗೂಟ ಹೊಡೆದು, ಹಗ್ಗ ಬಿಗಿದು, ಸುಣ್ಣದ ಗಾಡಿ ತಳ್ಳಿ ಇಡೀ ಮೈದಾನಕ್ಕೆ ಗೆರೆ ಹಾಕಿ ಮುಗಿಸಿದೆ. ಅಂಥ ನೇರವಾದ ಗೆರೆ ಈ ಮೈದಾನ ನೋಡಿಕೊಂಡ ಹದಿನೆಂಟು ವರ್ಷದಲ್ಲಿ ಹಾಕಿಲ್ಲ. ಏಳು ಗಂಟೆಗೆ ಹದಿನಾಲ್ಕು ಹುಡುಗಿಯರು ಬೂಟು ಹೆಗಲಿಗೆ ಹಾಕಿಕೊಂಡು ಹಿಂದಿನ ಗೇಟಿನಲ್ಲಿ ಬಂದರು. ತಬ್ಬಿಕೊಂಡಿದ್ದೇನು, ಕಿರುಚಿದ್ದೇನು! ಅಷ್ಟರಲ್ಲಿ ಪೀಟಿ ಮೇಷ್ಟ್ರು ಮಾಸ್ಕು ಒಂದು ಕಿವಿಗೆ ನೇತಾಡಿಸಿಕೊಂಡು ಓಡಿಬಂದರು. ‘ಯಾರ್ರೀ ಇವರನ್ನೆಲ್ಲ ಕರೆದಿದ್ದು?’ ಎಂದು ಕೂಗಿದರು. ನೋಟೀಸು ಸಾರ್, ಎಂದೆ. ‘ಮುಂದೂಡೋದು ಅಂದ್ರೆ ಆಮೇಲೆ ಮಾಡ್ತೀವಿ ಅಂತ ರೀ, ಪರೀಕ್ಷೆ ಎಲ್ಲ ಮುಗಿದು ಹೊಸ ವರ್ಷದ ಕ್ಲಾಸು ಶುರುವಾದ್ಮೇಲೆ!’ ಎಂದರು. ‘ಮುಂದೆ ಅಂತ ಬರೆದು ಹಿಂದಕ್ಕೆ ಹಾಕಿದ್ರೆ ನಾನೇನ್ ಮಾಡ್ಲಿ ಸಾರ್?’ ಎಂದುಬಿಟ್ಟೆ. ಹುಡುಗಿಯರು ಹೋ ಎಂದು ನಕ್ಕರು. ನಗುತ್ತ ನಗುತ್ತ ಒಬ್ಬೊಬ್ಬಳಿಗೇ ಅರ್ಥವಾಯಿತು. ಬೂಟು ಹಾಕಿಕೊಂಡಿದ್ದವರು ಬಿಚ್ಚಿದರು. ನಮ್ಮ ಮಗಳು ಮಾತ್ರ ನಗಲೂ ಇಲ್ಲ, ಬೂಟು ಬಿಚ್ಚಲೂ ಇಲ್ಲ. ಗೋಲಿನಲ್ಲಿ ಹೋಗಿ ನಿಂತಿದ್ದಳು, ಎಲ್ಲರೂ ಹೋದ ಮೇಲೂ. ಅಂದಿನಿಂದ ಆ ಹುಡುಗಿಯರ ಬಾಯಲ್ಲಿ ನನಗೆ ಮುಂದೂಡಪ್ಪ ಎಂದು ಹೆಸರು. ಕರೆಯಲಿ ಬಿಡು. ನಾನು ಹೆದರಿದ್ದು ಬೇರೆಯದಕ್ಕೆ. ನನ್ನ ಓದಿನಿಂದ ಹದಿನಾಲ್ಕು ಮನೆಯ ಮಕ್ಕಳು ಒಂದೆಡೆ ಸೇರಿದ್ದರಲ್ಲ, ಅವರಲ್ಲಿ ಒಬ್ಬಳಿಗೆ ಜ್ವರ ಬಂದಿದ್ದರೂ ನಾನೇನು ಮಾಡಬೇಕಿತ್ತು? ಎರಡು ವಾರ ದಿನಾ ಮಗಳಿಂದ ಹದಿನಾಲ್ಕು ಮನೆಗೂ ಫೋನ್ ಮಾಡಿಸಿದೆ. ಯಾರಿಗೂ ಏನೂ ಆಗಲಿಲ್ಲ. ಹದಿನೈದನೆಯ ದಿನ ಒಬ್ಬಳು, ‘ನಿಮ್ಮಪ್ಪಂಗೆ ಹೇಳೇ, ನಾನಿನ್ನೂ ಸತ್ತಿಲ್ಲ’ ಎಂದಳಂತೆ.

ಮೈದಾನದ ಸ್ಥಿತಿ ಕೇಳಬೇಡ. ಕಾಲು ಬೀಳದ ನೆಲ ಬಹಳ ಬೇಗ ಕಾಡಾಗುತ್ತದೆ. ವಾರಕ್ಕೆರಡು ಸಲ ಕತ್ತರಿಸಿದರೂ ಮತ್ತೆ ಬರುತ್ತದೆ. ಬಲೆಯನ್ನು ಇಲಿ ಕಡಿಯುತ್ತದೆ ಎಂದು ಬಿಚ್ಚಿ ಶೆಡ್ಡಿನ ಸೂರಿಗೆ ಕಟ್ಟಿದ್ದೇನೆ. ಆ ಉತ್ತರ ಕಡೆಯ ಗೋಲಿನ ಮುಂದೆ ಒಂದು ಬೋಳು ಜಾಗ ಇತ್ತಲ್ಲ, ಎಷ್ಟು ನೀರು ಬಿಟ್ಟರೂ ಒಂದು ಎಳೆ ಹುಲ್ಲು ಬರುತ್ತಿರಲಿಲ್ಲ, ಮೂರು ವರ್ಷ ನಮ್ಮ ಮಗಳು ನಿಂತು ತುಳಿದ ಜಾಗ. ಅಲ್ಲಿ ಈಗ ಹುಲ್ಲು ಬಂದಿದೆ. ಹೋದ ವಾರ ಅವಳು ನೋಡಿದಳು. ಮೊಣಕಾಲೂರಿ ಕೂತು ಒಂದೊಂದೇ ಎಳೆ ಕಿತ್ತಳು. ನಾನು ದೂರದಿಂದ ನೋಡಿ ಗಾಡಿ ರಿಪೇರಿ ಮಾಡುವವನ ಹಾಗೆ ಬಗ್ಗಿಕೊಂಡೆ.

ಅವಳ ಸಂಕಟ ನಿನಗೆ ಗೊತ್ತಿರುವುದೇ. ಹೋದ ವರ್ಷದ ಕೊನೆಯ ಪಂದ್ಯದಲ್ಲಿ ಕಾಲಸಂದಿಯಿಂದ ನುಸುಳಿಹೋದ ಆ ಒಂದು ಗೋಲು. ಅದನ್ನು ಈ ವರ್ಷ ತೊಳೆಯುತ್ತೇನೆ ಎಂದು ವರ್ಷವೆಲ್ಲ ಕಾದಿದ್ದಳು. ಪರೀಕ್ಷೆ ಮಾತ್ರ ಹೇಳಿದ ದಿನಕ್ಕೇ ನಡೆಯುತ್ತಿದೆ. ‘ಬೆಂಚಿಗೊಬ್ಬರು ಕೂತು ಬರೀಬಹುದು, ಆರಾರು ಅಡಿ ದೂರ ನಿಂತು ಫುಟ್‌ಬಾಲ್ ಆಡೋಕಾಗುತ್ತಾ?’ ಎನ್ನುತ್ತಾರೆ ಮೇಷ್ಟ್ರು. ಇನ್ನು ಒಂದೇ ಪೇಪರ್ ಉಳಿದಿದೆ, ನಾಡಿದ್ದು ಶುಕ್ರವಾರ, ಸಂಖ್ಯಾಶಾಸ್ತ್ರ. ಅದು ಮುಗಿದರೆ ಅವಳ ಡಿಗ್ರಿ ಮುಗಿಯಿತು, ಕಾಲೇಜಿನ ಪಟ್ಟಿಯಿಂದ ಅವಳ ಹೆಸರು ಹೋಯಿತು. ಪಂದ್ಯ ಯಾವಾಗ ನಡೆದರೂ ಗೋಲಿನಲ್ಲಿ ಬೇರೆ ಯಾರೋ ನಿಲ್ಲುತ್ತಾರೆ.

ಈಗ ನಿಜವಾದ ವಿಷಯಕ್ಕೆ ಬಂದೆ. ಗಡಿಯಾರ ನೋಡಿದೆ, ಮೂರು ಗಂಟೆ. ಭಾನುವಾರ ಮಧ್ಯಾಹ್ನ ನಾನು ಶೆಡ್ಡಿನೊಳಗೆ ಬಲೆಗೆ ಹತ್ತಿದ ಇರುವೆ ಕೊಡವುತ್ತಿದ್ದೆ. ಅವಳು ಶೆಡ್ಡಿನ ಆಚೆ ನೆರಳಿಗೆ ಬಂದು ಕೂತು ಕ್ಯಾಪ್ಟನ್ ಹುಡುಗಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ಆ ಕಡೆಯ ಮಾತೂ ಕೇಳುವಷ್ಟು ಜೋರಾಗಿ ಇಟ್ಟಿದ್ದಳು. ಕದ್ದು ಕೇಳಬೇಕೆಂದು ಕೇಳಲಿಲ್ಲ, ತಗಡಿನ ಗೋಡೆ. ‘ಶುಕ್ರವಾರದ ಪೇಪರ್ ಖಾಲಿ ಕೊಟ್ಟು ಬರ್ತೀನಿ ಕಣೇ. ಒಂದು ಸಬ್ಜೆಕ್ಟ್ ಉಳಿದ್ರೂ ಹೆಸರು ಪಟ್ಟೀಲೇ ಇರುತ್ತೆ, ಆಡಬಹುದು’ ಎಂದಳು. ‘ಹುಚ್ಚೇನೇ ನಿಂಗೆ?’ ಎಂದಳು ಆ ಕಡೆಯ ಕ್ಯಾಪ್ಟನ್. ‘ಒಂದು ವರ್ಷ ಮುಂದೂಡ್ತೀನಿ, ಅಷ್ಟೇ ತಾನೇ? ಅಮ್ಮ ಮನೇಲಿಲ್ಲ. ಅಪ್ಪಂಗೆ ಆ ಪದದ ಅರ್ಥಾನೇ ಗೊತ್ತಿಲ್ಲ, ಇದೆಲ್ಲಿ ಗೊತ್ತಾಗುತ್ತೆ ಬಿಡು’ ಎಂದಳು ನಮ್ಮ ಮಗಳು. ಅವಳ ಮೇಲೆ ಕೋಪ ಬರಲಿಲ್ಲ. ಹೇಳಿದ್ದು ಸುಳ್ಳಲ್ಲವಲ್ಲ. ಬಲೆಯನ್ನು ಹಿಡಿದುಕೊಂಡು ಹಾಗೇ ನಿಂತೆ, ಇರುವೆ ಕೈಯೆಲ್ಲ ಕಚ್ಚಿದ್ದು ಸಂಜೆ ಗೊತ್ತಾಯಿತು.

ಸೋಮವಾರ ಮೇಷ್ಟ್ರ ಹತ್ತಿರ ಹೋದೆ. ಉಪಾಯವಾಗಿ ಕೇಳೋಣ ಎಂದು, ನಮ್ಮ ಸಂಬಂಧಿಕರ ಕಡೆ ಒಬ್ಬಳು ಹುಡುಗಿ ಇದ್ದಾಳೆ ಸಾರ್, ಹೀಗೆ ಒಂದು ಪೇಪರ್ ಬಿಟ್ಟರೆ ಇನ್ನೊಂದು ವರ್ಷ ಆಡಬಹುದಾ, ಎಂದೆ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, ‘ನಿಮ್ಮ ಸಂಬಂಧಿಕರ ಹುಡುಗಿ ಗೋಲ್‌ಕೀಪರ್ರಾ?’ ಎಂದರು. ನನ್ನ ಉಪಾಯದ ಹಣೆಬರಹವೇ ಅಷ್ಟು. ರೂಲ್ಸು ಹಾಗೇ ಇದೆಯಂತೆ, ಆಡಬಹುದಂತೆ. ಆದರೆ ಆಟದ ಟೀಚರಾಗುವ ತರಬೇತಿಗೆ ಮೇಷ್ಟ್ರೇ ಅವಳ ಹೆಸರು ಕಳಿಸಿದ್ದಾರಲ್ಲ, ಆ ಸೀಟು ಈ ಸಲ ಪಾಸಾದವರಿಗೆ ಮಾತ್ರ. ಇವಳು ಪಾಸಾಗದಿದ್ದರೆ ಪಟ್ಟಿಯಲ್ಲಿ ಇವಳ ಕೆಳಗಿರುವವಳಿಗೆ ಹೋಗುತ್ತದೆ. ‘ಇನ್ನೊಂದು ಮಾತು ಹೇಳ್ತೀನಿ, ಮುಂದಿನ ವರ್ಷ ಪಂದ್ಯ ನಡೆದೇ ನಡೆಯುತ್ತೆ ಅಂತ ನನಗೇ ಗ್ಯಾರಂಟಿ ಇಲ್ಲ. ನಾನು ಬೈದ್ರೆ ಹಟಕ್ಕೆ ಬೀಳ್ತಾಳೆ. ನೀವು ಅಪ್ಪ, ನೀವು ಹೇಳಿ’ ಎಂದರು.

ಹೇಳಲು ಹೋದೆ. ಒಂದು ಸಲವಲ್ಲ, ಮೂರು ಸಲ. ಅವಳು ಹಿತ್ತಲ ಗೋಡೆಗೆ ಚೆಂಡು ಹೊಡೆಯುತ್ತಾ ಇರುತ್ತಾಳೆ, ಪಾಠ ಇಲ್ಲದಾಗ ಇಡೀ ದಿನ ಅದೇ ಸದ್ದು, ಧಪ್, ಧಪ್. ಮೊದಲ ಸಲ ಹೋಗಿ, ಚೆಂಡಿಗೆ ಗಾಳಿ ಸಾಕಾ ಎಂದು ಕೇಳಿ ಬಂದೆ. ಎರಡನೆಯ ಸಲ, ಗೋಡೆಯ ಗಾರೆ ಉದುರುತ್ತೆ ನೋಡು ಎಂದೆ. ನಿನ್ನೆ ಗಟ್ಟಿ ಮನಸ್ಸು ಮಾಡಿಕೊಂಡು ಹೋಗಿ, ಶುಕ್ರವಾರದ ಪೇಪರ್ ಕಷ್ಟನಾ ಮಗಾ ಎಂದೆ. ಅವಳು ಚೆಂಡು ನಿಲ್ಲಿಸದೆ, ‘ನಿಂಗ್ಯಾಕಪ್ಪ ಅದೆಲ್ಲ, ನೀನು ಟೆನ್ಷನ್ ಮಾಡ್ಕೋಬೇಡ’ ಎಂದಳು. ಅಷ್ಟು ಪ್ರೀತಿಯಿಂದ ಹೇಳಿದಳು. ನಾನು ವಾಪಸು ಬಂದು ನೀರು ಕುಡಿದೆ. ನೀನು ಎಷ್ಟು ಸಲ ಅಂದಿದ್ದೀಯ, ‘ನಿಮ್ಮಪ್ಪ ಇನ್ನೊಂದು ನಾಲ್ಕು ವರ್ಷ ಓದಿಸಿದ್ರೆ ನೀವೂ ಆಫೀಸಲ್ಲಿ ಫ್ಯಾನಿನ ಕೆಳಗೆ ಕೂತಿರ್ತಿದ್ರಿ’ ಎಂದು. ಆ ಮಾತು ನಿನ್ನೆಯಿಂದ ತಲೆಯಲ್ಲಿ ಸುತ್ತುತ್ತಿದೆ.

ಅದಕ್ಕೇ ನಿನಗೆ ಬರೆಯುತ್ತಿರುವುದು. ಇವತ್ತು ಸಂಜೆ ಕಾಗದ ಸಿಕ್ಕಿದ ಕೂಡಲೇ ಫೋನ್ ಮಾಡು. ನಿನ್ನ ಮಾತಿಗೆ ಅವಳು ಹೆದರುತ್ತಾಳೆ. ನಾಲ್ಕು ಬೈಗುಳ ಬೈ. ‘ನಾನು ಇಲ್ಲಿ ಕುದಿನೀರಲ್ಲಿ ಕೈ ಸುಟ್ಟುಕೊಂಡು ದುಡಿಯುವುದು ನೀನು ಖಾಲಿ ಹಾಳೆ ಕೊಟ್ಟು ಬರಲಿ ಎಂದೇನು?’ ಎಂದು ಕೇಳು. ನನ್ನ ಹೆಸರು ಮಾತ್ರ ಎತ್ತಬೇಡ. ಮೇಷ್ಟ್ರು ಹೇಳಿದರು ಎಂದುಬಿಡು. ಇಲ್ಲ, ಮೇಷ್ಟ್ರು ಎಂದರೆ ಅವರ ಮೇಲೆ ಹಗೆ ಸಾಧಿಸುತ್ತಾಳೆ, ತರಬೇತಿಯೂ ಬೇಡ ಎಂದಾಳು. ಕ್ಯಾಪ್ಟನ್ ಹುಡುಗಿ ಎಂದರೆ ಅವರಿಬ್ಬರ ಸ್ನೇಹ ಕೆಡುತ್ತದೆ. ಕನಸು ಬಿತ್ತು ಎನ್ನು. ಅದನ್ನು ನಂಬುತ್ತಾಳೋ ಇಲ್ಲವೋ. ಏನಾದರೂ ಹೇಳು, ನಿನಗೆ ತಿಳಿಯುತ್ತದೆ.

ವ್ಯಾನು ಬರುವ ಹೊತ್ತಾಯಿತು. ನಿನ್ನ ಮುಲಾಮಿನ ಡಬ್ಬಿ, ಎರಡು ಜೊತೆ ಹೊಸ ಕೈಗವಸು ಇದರ ಜೊತೆ ಕಟ್ಟಿದ್ದೇನೆ. ಕೈಗವಸು ಮೈದಾನದ ಕೆಲಸಕ್ಕೆಂದು ಕೊಟ್ಟಿದ್ದವು, ದಪ್ಪ ಇವೆ, ನಿನಗೆ ದೊಡ್ಡದಾಗಬಹುದು. ಮಣಿಕಟ್ಟಿನ ಹತ್ತಿರ ದಾರ ಕಟ್ಟಿಕೋ. ಯಾರಿಗೂ ಬಿಚ್ಚಿಕೊಡಬೇಡ. ನಿನ್ನ ಕೋಣೆಯ ಆರೂ ಜನಕ್ಕೆ ನಾನು ಕೇಳಿದೆ ಎಂದು ಹೇಳು, ಕೆಮ್ಮುವವಳಿಗೆ ಸ್ವಲ್ಪ ಹೆಚ್ಚಾಗಿ ಹೇಳು. ನೀನು ಗಟ್ಟಿಯಾಗಿ ಮನೆಗೆ ಬಂದರೆ ನನಗೆ ಬೇರೆ ಏನೂ ಬೇಡ.

ಇಂತಿ,
ನಿನ್ನ ಇವರು

ತಾ.ಕ. ಕವರಿಗೆ ಹಾಕಿದವನು ಮತ್ತೆ ಬಿಚ್ಚಿದೆ. ಮೇಲೆ ಬರೆದದ್ದೆಲ್ಲ ಬೇಡ, ನೀನು ಬೈಯಬೇಡ, ಫೋನೂ ಮಾಡಬೇಡ. ನಮ್ಮಪ್ಪ ನನ್ನನ್ನು ಶಾಲೆ ಬಿಡಿಸಿದ ಎಂದು ನಿನಗೆ ಮದುವೆಯಾದಾಗಿನಿಂದ ಹೇಳಿಕೊಂಡು ಬಂದೆನಲ್ಲ, ಅದು ಸುಳ್ಳು. ಏಳನೆಯ ಕ್ಲಾಸು ಪಾಸಾದವರು ಆಚೆಯ ಊರಿನ ಹೈಸ್ಕೂಲಿಗೆ ಹೋಗಬೇಕಿತ್ತು. ಫೇಲಾಗಿ ಉಳಿದವರು ಇನ್ನೊಂದು ವರ್ಷ ಶಾಲೆಯ ತಂಡದಲ್ಲಿ ಆಡಬಹುದಿತ್ತು. ನಾನು ಗಣಿತದ ಪೇಪರಿನಲ್ಲಿ ಒಂದು ಲೆಕ್ಕವನ್ನೂ ಮಾಡಲಿಲ್ಲ. ಎರಡು ಗಂಟೆ ಕೂತು ಆ ಹಾಳೆಯ ಮೇಲೆ ಫುಟ್‌ಬಾಲ್ ಮೈದಾನ ಬರೆದೆ, ನಾಲ್ಕು ಗೆರೆ, ನಡುವೆ ದುಂಡಗೆ, ಆಚೆ ಈಚೆ ಗೋಲು. ಒಂದು ವರ್ಷ ತಾನೇ ಎಂದುಕೊಂಡಿದ್ದೆ. ಆ ರಜೆಯಲ್ಲೇ ಆಟ ಆಡಿಸುತ್ತಿದ್ದ ಮೇಷ್ಟ್ರಿಗೆ ವರ್ಗವಾಯಿತು, ತಂಡವೇ ಇಲ್ಲವಾಯಿತು. ನಮ್ಮಪ್ಪ ಹೈಸ್ಕೂಲಿಗೆಂದು ಹೊಸ ಬ್ಯಾಗು ತಂದು ಮೊಳೆಗೆ ನೇತುಹಾಕಿದ್ದ. ಫೇಲಾದವನು ಮತ್ತೆ ಶಾಲೆಗೆ ಹೋಗಲು ನಾಚಿಕೆ ಎಂದು ನಾನೇ ಹಟ ಮಾಡಿ, ಆ ಬ್ಯಾಗಿನಲ್ಲಿ ಊಟದ ಡಬ್ಬಿ ಹಾಕಿಕೊಂಡು ಸುಣ್ಣದ ಗೂಡಿಗೆ ಕೆಲಸಕ್ಕೆ ಹೋದೆ. ಆ ತಪ್ಪನ್ನು ಸತ್ತ ಅಪ್ಪನ ತಲೆಗೆ ಕಟ್ಟಿದೆ, ಅವನು ಬಂದು ಇಲ್ಲ ಎನ್ನುವುದಿಲ್ಲವಲ್ಲ ಎಂದು. ಆ ಹಾಳೆಯ ಮೇಲೆ ಬರೆದದ್ದನ್ನೇ ಇವತ್ತಿಗೂ ಸುಣ್ಣದಲ್ಲಿ ಬರೆಯುತ್ತಿದ್ದೇನೆ ನೋಡು. ಇದನ್ನು ಅವಳಿಗೆ ಹೇಳಬೇಕಾದವನು ನಾನೇ. ಮತ್ತೆ ಗಾಳಿ, ಗಾರೆ ಎಂದು ಏನೋ ಕೇಳಿ ಬಂದುಬಿಡುತ್ತೇನೆ ಎಂದು ಮೊದಲು ನಿನಗೆ ಬರೆದುಕೊಟ್ಟೆ. ಇದು ನಿನ್ನ ಕೈ ಸೇರಿದ ಮೇಲೆ ನಾನು ಸುಮ್ಮನಿರುವ ಹಾಗಿಲ್ಲ. ಕೋಪ ಬಂದರೆ ಬರಲಿ, ಮನೆಗೆ ಬಂದ ಮೇಲೆ ಜಗಳ ಆಡು, ಕಾದಿರುತ್ತೇನೆ. ವ್ಯಾನಿನ ಹಾರ್ನು ಆಯಿತು. ಹಿತ್ತಲಲ್ಲಿ ಚೆಂಡಿನ ಸದ್ದು ಇನ್ನೂ ನಿಂತಿಲ್ಲ. ಇದನ್ನು ಕೊಟ್ಟವನೇ ನೇರ ಹೋಗಿ ಅವಳಿಗೂ ಗೋಡೆಗೂ ನಡುವೆ ನಿಂತು ಚೆಂಡು ಹಿಡಿದುಕೊಂಡುಬಿಡುತ್ತೇನೆ.